ಮೀನಿನ ಮೇವಿನ ಪೂರಕಗಳು: ಬೆಳವಣಿಗೆ, ವೆಚ್ಚ ಮತ್ತು ತೆರಿಗೆ

ಬೆಂಗಳೂರು–ಹೊಸೂರು ಹೆದ್ದಾರಿಯಲ್ಲಿರುವ ಅತ್ತಿಬೆಲೆಯು ವಾಣಿಜ್ಯ ವಲಯಕ್ಕೆ ಪರಿಚಿತವಾಗಿರುವುದು ಅದರ ಕೈಗಾರಿಕಾ ಪ್ರದೇಶ ಹಾಗೂ ಗಡಿಯ ತಪಾಸಣಾ ಠಾಣೆಗಳಿಂದ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ವಾಣಿಜ್ಯ ತೆರಿಗೆಯ ಠಾಣೆಯು ಇತಿಹಾಸ ಸೇರಿತು. ಕಾರ್ಖಾನೆಗಳ ನಡುವೆಯೇ ಆನೇಕಲ್ ತಾಲ್ಲೂಕಿನ ಕೆರೆಗಳೂ ಇವೆ. ಕೆರೆ–ಕೊಳಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು ಸಾಕುವವರಿಗೆ ಮೇವಿನ ಪೂರಕಗಳ ಮಾರಾಟಗಾರರಿಂದ ಈಗ ಭರವಸೆಗಳಿಗೇನೂ ಕೊರತೆಯಿಲ್ಲ. ಆ ಭರವಸೆಗಳನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯವಾಗಿದೆ.

ಗೆಂಡೆ ಸಾಕಣೆಯ ಸಾಂಪ್ರದಾಯಿಕ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡಿನ ಸಮಪಾಲು ಮಿಶ್ರಣ. ಇದು ಅಗ್ಗ, ಆದರೆ ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್ ಮತ್ತು ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳು ಕಡಿಮೆ. ಮೀನಿನ ಮೈ ತುಂಬಬೇಕಾದರೆ ಇವೆರಡೂ ಬೇಕು. ಒಂದರ ಕೊರತೆಯಾದರೂ ಉಳಿದ ಪ್ರೋಟೀನು ಮಾಂಸವಾಗುವ ಬದಲು ಬರಿಯ ಶಕ್ತಿಗಾಗಿ ವ್ಯಯವಾಗುತ್ತದೆ. ಕೊರತೆಯಿರುವ ಅಮೈನೋ ಆಮ್ಲವನ್ನು ಅಳತೆಯರಿತು ಸೇರಿಸುವುದು ನಿಜವಾದ ಅರ್ಥದಲ್ಲಿ ಪೂರಕವೆನಿಸುತ್ತದೆ.

ರಂಜಕದ ವಿಷಯ ಇನ್ನಷ್ಟು ಸ್ವಾರಸ್ಯಕರವಾಗಿದೆ. ಧಾನ್ಯ ಮತ್ತು ಹಿಂಡಿಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿತವಾಗಿರುತ್ತದೆ. ಮೀನು ಅದನ್ನು ಜೀರ್ಣಿಸಿಕೊಳ್ಳಲಾರದು. ಖರೀದಿಸಿದ ಪೋಷಕಾಂಶವು ಹೀಗೆ ನೀರಿಗೆ ಸೇರಿ ಪಾಚಿಗೆ ಗೊಬ್ಬರವಾಗುತ್ತದೆ. ಫೈಟೇಸ್ ಕಿಣ್ವವು ಈ ಬಂಧವನ್ನು ಬಿಡಿಸುತ್ತದೆ. ಕಿಣ್ವೋದ್ಯಮವೇನೂ ಈ ಸೀಮೆಗೆ ಹೊಸದಲ್ಲ. 1978ರಲ್ಲಿ ಸ್ಥಾಪನೆಯಾದ ಬಯೋಕಾನ್, ಪಪ್ಪಾಯಿಯಿಂದ ಪಪೈನ್ ಕಿಣ್ವವನ್ನೂ ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸನ್ನೂ ತಯಾರಿಸುತ್ತ ಬೆಳೆದ ಸಂಸ್ಥೆ. ತನ್ನ ಕಿಣ್ವ ವಿಭಾಗವನ್ನು ಅದು 2007ರಲ್ಲಿ ಡೆನ್ಮಾರ್ಕಿನ ನೋವೋಜೈಮ್ಸ್ ಸಂಸ್ಥೆಗೆ ಮಾರಿತು.

ಆದರೆ ಗೆಂಡೆ ಮೀನುಗಳಿಗೆ ಜಠರವಿಲ್ಲ, ಅವುಗಳ ಕರುಳಿನಲ್ಲಿ ಆಮ್ಲೀಯ ವಾತಾವರಣವೂ ಇಲ್ಲ. ಕೋಳಿಯ ಆಮ್ಲೀಯ ಜಠರಕ್ಕೆಂದು ರೂಪಿಸಿದ ಫೈಟೇಸ್ ಇಲ್ಲಿ ಅಷ್ಟೇ ಫಲ ಕೊಡುವುದೆಂದು ಭಾವಿಸಲಾಗದು. ಗುಳಿಗೆ ಯಂತ್ರದ ಬಿಸಿಯೂ ಕಿಣ್ವದ ಶಕ್ತಿಯನ್ನು ಕುಂದಿಸುತ್ತದೆ, ಆದುದರಿಂದ ಗುಳಿಗೆ ತಣಿದ ಮೇಲೆ ಸಿಂಪಡಿಸುವ ಕ್ರಮವುಂಟು. ಸಾಧಾರಣ ವಿಟಮಿನ್ ಸಿ ಕೂಡ ಬಿಸಿಗೆ ಮತ್ತು ದಾಸ್ತಾನಿನ ಅವಧಿಗೆ ನಷ್ಟವಾಗುತ್ತದೆ. ಚೀಲದ ಮೇಲೆ ಮುದ್ರಿಸಿದ ಪ್ರಮಾಣಕ್ಕೂ ಮೀನಿನ ಬಾಯಿಗೆ ತಲುಪುವ ಪ್ರಮಾಣಕ್ಕೂ ಅಂತರವಿದೆ ಎಂಬುದನ್ನು ಖರೀದಿದಾರರು ಮರೆಯಬಾರದು.

ರಾಜ್ಯದಲ್ಲಿಯೇ ದೊರೆಯುವ ಒಂದು ಪದಾರ್ಥವನ್ನು ಇಲ್ಲಿ ಹೆಸರಿಸಬೇಕು. ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚಾಣಿಕೆಯಲ್ಲಿ ಉಳಿಯುವ ರೇಷ್ಮೆ ಪ್ಯೂಪಾದ ಒಣ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಪ್ರೋಟೀನಿದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಡಾ. ಎಂ.ಸಿ. ನಂದೀಶ ಮತ್ತು ಸಂಗಡಿಗರು ಸಾಮಾನ್ಯ ಗೆಂಡೆಯ ಮೇಲೆ ನಡೆಸಿದ ಪ್ರಯೋಗಗಳು, ದುಬಾರಿ ಮೀನುಪುಡಿಯ ಸ್ಥಾನವನ್ನು ಪ್ಯೂಪಾ ಸಮರ್ಥವಾಗಿ ತುಂಬಬಲ್ಲುದೆಂದು ತೋರಿಸಿವೆ. ಕೊಬ್ಬಿನಂಶ ಹೆಚ್ಚಿರುವುದರಿಂದ ಬೇಗ ಕಮಟುವುದೇ ಇದರ ದೋಷ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಕಿಲೋ ಮೀನಿನ ಬೆಳವಣಿಗೆಗೆ ತಗಲುವ ಮೇವಿನ ಕಿಲೋಗಳೇ ಮೇವು ಪರಿವರ್ತನಾ ಅನುಪಾತ. ಕೇವಲ ಉದಾಹರಣೆಗಾಗಿ, ಕಿಲೋಗೆ ರೂ. 35ರ ಮೇವಿನಲ್ಲಿ ಅನುಪಾತ 2.0 ಎಂದಿಟ್ಟುಕೊಂಡರೆ ಮೇವಿನ ವೆಚ್ಚ ರೂ. 70. ಪೂರಕ ಸೇರಿದ ಮೇವಿಗೆ ರೂ. 42 ಆಗಿ ಅನುಪಾತ 1.6ಕ್ಕೆ ಇಳಿದರೆ ವೆಚ್ಚ ರೂ. 67.20, ಉಳಿತಾಯ ಕೇವಲ ರೂ. 2.80. ಅದೇ ಅನುಪಾತ 1.7ರಲ್ಲಿ ನಿಂತರೆ ವೆಚ್ಚ ರೂ. 71.40, ಅಂದರೆ ನಷ್ಟ! ಮೀನು ಚೆನ್ನಾಗಿ ಬೆಳೆದಿದ್ದರೂ ಮೇವಿನ ಲೆಕ್ಕದಲ್ಲಿ ಕೊರತೆಯೇ. ಬೆಳೆ ಬೇಗ ಕೈಗೆ ಬಂದರೆ, ಸಾವಿನ ಪ್ರಮಾಣ ತಗ್ಗಿದರೆ ಚಿತ್ರ ಬದಲಾದೀತು. ಅದನ್ನು ತಿಳಿಯಲು ಕೊಳವಾರು ಲೆಕ್ಕವಿಡಬೇಕು. ಬಹುತೇಕ ಸಾಕಣೆದಾರರು ಇಡುವುದು ಒಟ್ಟು ಖರೀದಿಯ ರಸೀತಿಗಳನ್ನು ಮಾತ್ರ. ಇನ್ನು ಕೊಳಚೆ ಸೇರಿ ಆಮ್ಲಜನಕ ಕುಸಿದ ಕೆರೆಯಲ್ಲಿ ಮೀನು ಮೇವನ್ನೇ ಮುಟ್ಟದು. ಅಲ್ಲಿ ಯಾವ ಪೂರಕವೂ ವ್ಯರ್ಥ.

ತಯಾರಿಕೆಗೆ ಇಳಿಯುವವರು ತೆರಿಗೆಯ ಸೂಕ್ಷ್ಮಗಳನ್ನು ಅರಿಯಬೇಕು. ಜಲಚರಗಳ ಮೇವು, ಪೂರಕಗಳ ಸಹಿತವಾಗಿ, 2017ರಿಂದ ಶೂನ್ಯ ದರದ ಪಟ್ಟಿಯಲ್ಲಿದೆ. ಇದು ವಿನಾಯಿತಿಯಾದ್ದರಿಂದ ಯಂತ್ರ, ಪ್ಯಾಕಿಂಗ್, ಕಚ್ಚಾವಸ್ತುಗಳ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ಜಮೆ ದೊರೆಯದು. ಅದು ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ಮೇವಿಗೆಂದು ಸಿದ್ಧಪಡಿಸಿದ ಪೂರಕವು ಶೀರ್ಷಿಕೆ 2309ರಡಿ, ಬಿಡಿ ಜೀವಸತ್ವಗಳು 2936ರಡಿ ಬರುತ್ತವೆ. 2018ರ ಡಿಸೆಂಬರ್ 31ರ ಕೇಂದ್ರೀಯ ಮಂಡಳಿಯ ಸುತ್ತೋಲೆ ಈ ಭೇದವನ್ನು ಸ್ಪಷ್ಟಪಡಿಸಿದೆ. ವರ್ಗೀಕರಣದಲ್ಲಿ ಎಡವಿದರೆ ತೆರಿಗೆಯೊಡನೆ ಬಡ್ಡಿಯನ್ನೂ ತೆರಬೇಕಾದೀತು.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ದಿನಕ್ಕೆ 2 ಟನ್ ಸಾಮರ್ಥ್ಯದ ಕಿರು ಮೇವು ಗಿರಣಿಗೆ ರೂ. 30 ಲಕ್ಷ ಘಟಕ ವೆಚ್ಚವನ್ನು ಗೊತ್ತುಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ–ಪಂಗಡಗಳಿಗೆ ಶೇ. 60 ಸಹಾಯಧನ ನೀಡಲು ಅವಕಾಶ ಕಲ್ಪಿಸಿತು. 2025ರ ಕೇಂದ್ರ ಮುಂಗಡಪತ್ರವು ಮೇವಿನ ತಯಾರಿಕೆಗೆ ಬಳಸುವ ಮೀನಿನ ಹೈಡ್ರೊಲೈಸೇಟ್ ಮೇಲಿನ ಆಮದು ಸುಂಕವನ್ನು ಶೇ. 15ರಿಂದ ಶೇ. 5ಕ್ಕೆ ಇಳಿಸಿದೆ. ಸ್ಥಳೀಯ ಪ್ಯೂಪಾವನ್ನು ನೆಚ್ಚಿ ಯೋಜನಾ ವರದಿ ಸಿದ್ಧಪಡಿಸುವವರು ಇನ್ನು ಈ ಆಮದು ಪದಾರ್ಥದ ದರವನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.