ಶೋಕಶಮನದಲ್ಲಿ ತತ್ತ್ವಪದಗಳ ಸ್ಥಾನ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳಲ್ಲಿಯೂ, ಕಲ್ಲುಗಣಿಗಳ ಶಹಾಬಾದಿನಲ್ಲಿಯೂ, ಸಿಮೆಂಟಿನ ಊರಾದ ವಾಡಿಯ ಸುತ್ತಲೂ ತತ್ತ್ವಪದಗಳು ಇಂದಿಗೂ ಹಾಡಿಕೆಯಲ್ಲಿವೆ. ಕಡಕೋಳದ ಮಡಿವಾಳಪ್ಪನವರೂ ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರೂ ಈ ಪ್ರಾಂತದ ಪದಕಾರರಲ್ಲಿ ಪ್ರಸಿದ್ಧರು. ಸಾವು ಸಂಭವಿಸಿದ ಮನೆಯಲ್ಲಿ ಭಜನೆಯವರು ಸೇರಿ, ಏಕತಾರಿ, ತಾಳ, ದಮ್ಮಡಿಗಳೊಡನೆ ಇರುಳೆಲ್ಲ ಪದ ಹಾಡುವ ರೂಢಿಯು ಇಲ್ಲಿನ ಅನೇಕ ಗ್ರಾಮಗಳಲ್ಲಿ ಉಂಟು.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಈ ಪದಗಳಲ್ಲಿ ಬಹುಭಾಗವು ದೇಹದ ಅನಿತ್ಯತೆಯನ್ನೂ, ಬಂಧುಬಳಗದ ಮಿಥ್ಯೆಯನ್ನೂ ಸಾರತಕ್ಕವು. ಅಚ್ಚಿನ ಪುಟದಲ್ಲಿ ಓದುವವನಿಗೆ ಅವು ನಿಷ್ಠುರವಾಗಿಯೇ ತೋರುವುವು. ಮಗನನ್ನು ಕಳೆದುಕೊಂಡ ತಾಯಿಗೆ, ಮಗನೆಂಬುದೇ ಭ್ರಾಂತಿಯೆಂದು ಹೇಳುವ ಮಾತು ಹೇಗೆ ಸಾಂತ್ವನವಾದೀತು?

ಉತ್ತರವು ಪದದ ಅರ್ಥದಲ್ಲಿ ಮಾತ್ರವಲ್ಲ, ಹಾಡುವ ಕ್ರಮದಲ್ಲಿಯೂ ಇದೆ. ಮೊದಲು ಕೇಳಿಬರುವುದು ಹೆಂಗಸರು ಹಾಡಿಕೊಂಡು ಅಳುವ ಅಳು. ಸತ್ತವರ ಗುಣವನ್ನೂ, ತಮಗೆ ಒದಗಿದ ಅನಾಥತೆಯನ್ನೂ ಅವರು ರಾಗವೆಳೆದು ಎಣಿಸುವರು. ಅಲ್ಲಿ ದುಃಖಕ್ಕೆ ಹೆಸರಿದೆ, ಸಂಬಂಧವಿದೆ. ಅದು ಒಬ್ಬಳ ದುಃಖ. ಬಳಿಕ ಬರುವ ಭಜನೆಯಲ್ಲಿ ಸತ್ತವರ ಹೆಸರಿಲ್ಲ. ಒಬ್ಬನು ನುಡಿಯನ್ನು ಎತ್ತಿಕೊಡುವನು, ಉಳಿದವರು ಪಲ್ಲವಿಯನ್ನು ಹಿಡಿಯುವರು. ಪಲ್ಲವಿಯು ಮರಳಿ ಮರಳಿ ಬರುವುದರಿಂದ, ಮಾತು ಹೊರಡದ ದುಃಖಿತನಿಗೂ ಬಾಯಿಗೊಂದು ಮಾತು ಸಿದ್ಧವಾಗಿ ದೊರೆಯುತ್ತದೆ. ತಾಳದ ನಡೆಯು ಬಿಕ್ಕುವ ಉಸಿರಿಗೆ ಒಂದು ಸಮತೆಯನ್ನು ತರುತ್ತದೆ. ಪದದ ಮಾತು ಅಳಬೇಡವೆನ್ನುವಾಗಲೂ ಅದರ ಧಾಟಿಯು ಅಳುವುದಕ್ಕೆ ಎಡೆಗೊಡುತ್ತದೆ. ಬೆಳಗಾಗುವವರೆಗೆ ಮನೆಯವರನ್ನು ಒಂಟಿಯಾಗಿ ಬಿಡದಿರುವುದು ಈ ಹಾಡಿಕೆಯ ಇನ್ನೊಂದು ಉಪಕಾರ.

ಮೊಹರಮ್ಮಿನ ರಿವಾಯತ ಪದಗಳು ಇದಕ್ಕೆ ಸಮೀಪವಾದ ಬೇರೊಂದು ಬಗೆ. ಕ್ರಿ. ಶ. 680ರಲ್ಲಿ ಕರ್ಬಲೆಯಲ್ಲಿ ಮಡಿದ ಇಮಾಮ್ ಹುಸೇನರ ಕಥೆಯನ್ನು ಇವು ಕನ್ನಡದಲ್ಲಿ ಹಾಡುತ್ತವೆ. ಹಿಂದೂ ಮುಸಲ್ಮಾನರಿಬ್ಬರೂ ಹಾಡಿಕೆಯಲ್ಲಿಯೂ ಅಲಾವಿ ಕುಣಿತದಲ್ಲಿಯೂ ಕೂಡುವರು. ಭಜನೆಯು ಮನೆಯ ಸಾವಿಗೆ ಊರಿನ ದನಿಯನ್ನು ಕೂಡಿಸಿದರೆ, ರಿವಾಯತವು ದೂರದ ಸಾವೊಂದನ್ನು ಊರಿನದಾಗಿಸಿ, ತಮ್ಮ ತಮ್ಮ ಹಳೆಯ ದುಃಖಗಳನ್ನು ವರುಷಕ್ಕೊಮ್ಮೆ ನೆನೆಯುವುದಕ್ಕೆ ಅವಕಾಶ ಮಾಡುತ್ತದೆ.

ಆಲಂಕಾರಿಕರು ಶೋಕವನ್ನು ಕರುಣರಸದ ಸ್ಥಾಯಿಭಾವವೆಂದರು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಶಾಂತವನ್ನೂ ರಸಗಳಲ್ಲಿ ಎಣಿಸಿದೆ. ಆ ಪರಿಭಾಷೆಯಲ್ಲಿ ಹೇಳುವುದಾದರೆ, ಅಳುವಿನಿಂದ ಭಜನೆಗೆ ಸಾಗುವ ಈ ಇರುಳು ಕರುಣದಿಂದ ಶಾಂತದ ಕಡೆಗೆ ನಡೆಯುವ ಹಾದಿಯಾಗಿದೆ. ಇದರಲ್ಲಿ ಗ್ರಂಥದ ಪ್ರಭಾವವನ್ನು ಊಹಿಸಬೇಕಾಗಿಲ್ಲ. ಅನುಭವವು ಒಂದೇ ನೆಲೆಯನ್ನು ಎರಡು ದಾರಿಗಳಿಂದ ಮುಟ್ಟಬಹುದು.

ಹಾಡಿಕೆಯು ಎಲ್ಲ ಮನೋವ್ಯಥೆಗೂ ಮದ್ದೆಂದು ಭಾವಿಸಲಾಗದು. ತಿಂಗಳುಗಟ್ಟಲೆ ಊಟನಿದ್ರೆಗಳನ್ನು ಕೆಡಿಸಿದ ಖಿನ್ನತೆಗೆ ವೈದ್ಯನ ನೆರವೇ ಬೇಕು. ಆದರೆ ಸಾವಿನ ಮೊದಲ ಇರುಳನ್ನು ದಾಟಿಸುವ ಸಾಮರ್ಥ್ಯವು ಈ ಪದಗಳಿಗೆ ಇದೆ.

1931ರಲ್ಲಿ ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದಂದಿನಿಂದ ಜನಪದಗೀತಗಳ ಸಂಗ್ರಹಕಾರ್ಯವು ಬೆಳೆದುಬಂದಿದೆ, ತತ್ತ್ವಪದಗಳೂ ಅಚ್ಚಾಗಿವೆ. ಸಂಪಾದಕರು ಪಾಠಾಂತರಗಳೊಡನೆ, ಪದವನ್ನು ಯಾವ ಸಂದರ್ಭದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಮುಂದೆ ಹಾಡಿದರೆಂಬುದನ್ನೂ ಬರೆದಿಡುವುದು ಅವಶ್ಯ. ಇಲ್ಲವಾದರೆ ದುಃಖಿತರ ಬಳಿ ಕುಳಿತು ಹಾಡಿದ ಪದವು, ಜಗತ್ತನ್ನು ಹಳಿಯುವ ಬರಿಯ ವೈರಾಗ್ಯಬೋಧೆಯೆಂದು ಮುಂದಿನ ವಿದ್ಯಾರ್ಥಿಗಳಿಗೆ ತೋರುವುದು.