ಕೋಳಿಗೆ ಕಾಯಿಲೆಯೆ? ಅಳೆದು ನೋಡಿ

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮಾಗಡಿ ರಸ್ತೆಯ ಮಗ್ಗುಲಿಗಿರುವ ಬ್ಯಾಡರಹಳ್ಳಿ ಒಂದು ಕಾಲಕ್ಕೆ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿದ್ದಿತು. ಇಂದು ಅದು ನಗರದ ಬಡಾವಣೆ. ಆದರೂ ಹಿತ್ತಿಲಿನಲ್ಲಿಯೋ ತಾರಸಿಯ ಮೇಲೆಯೋ ಒಂದೆರಡು ಕೋಳಿಗಳನ್ನು ಸಾಕಬೇಕೆಂಬ ಆಸೆ ಇಂಥ ಕಡೆಗಳಲ್ಲಿ ಇನ್ನೂ ಅಳಿದಿಲ್ಲ. ಸಂತೆಯಿಂದ ಹೇಂಟೆಯೊಂದು ಮನೆಗೆ ಬರುತ್ತದೆ. ಮಕ್ಕಳು ಅದಕ್ಕೊಂದು ಹೆಸರಿಡುತ್ತಾರೆ. ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ಅದು ಮೂಲೆಯಲ್ಲಿ ಗರಿ ಕೆದರಿಕೊಂಡು ನಿಂತಿರುತ್ತದೆ. ಸಂಜೆಯ ಹೊತ್ತಿಗೆ ಸತ್ತಿರುತ್ತದೆ. “ನಿನ್ನೆಯವರೆಗೆ ಚೆನ್ನಾಗಿಯೇ ಇತ್ತಲ್ಲ!” ಎಂದು ಮನೆಯವರೆಲ್ಲ ಮರುಗುತ್ತಾರೆ. ಅನೇಕ ಸಂದರ್ಭಗಳಲ್ಲಿ ಈ ಮಾತು ನಿಜವಲ್ಲ. ಕೋಳಿ ನಾಲ್ಕಾರು ದಿನಗಳಿಂದ ಕಾಯಿಲೆಯಲ್ಲಿದ್ದಿತು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಏಕೆ ಬೀಳಲಿಲ್ಲ, ಬೀಳುವಂತೆ ಮಾಡುವ ಉಪಾಯವೇನು, ಕಂಡ ಮೇಲೆ ಮಾಡತಕ್ಕದ್ದೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಕಾಯಿಲೆ ಮರೆಯಾಗಿರುವುದೇಕೆ?

ಕೋಳಿಗಳ ಗುಂಪಿನಲ್ಲಿ ಮೇಲು ಕೀಳುಗಳ ಒಂದು ಕಟ್ಟುನಿಟ್ಟಾದ ಕ್ರಮವುಂಟು. ಯಾರು ಯಾರನ್ನು ಕುಕ್ಕಬಹುದೆಂಬುದು ಅದರಲ್ಲಿ ಗೊತ್ತಾಗಿರುತ್ತದೆ. ನಾರ್ವೆಯ ವಿಜ್ಞಾನಿ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಇದನ್ನು ಕ್ರಮವಾಗಿ ವರ್ಣಿಸಿದನು. ಇಂಥ ಸಮಾಜದಲ್ಲಿ ನಿಶ್ಶಕ್ತಿಯನ್ನು ತೋರಿದ ಹಕ್ಕಿಗೆ ಕುಕ್ಕು ತಪ್ಪಿದ್ದಲ್ಲ. ಹದ್ದು, ನಾಯಿಗಳ ಕಣ್ಣೂ ಮೊದಲು ಬೀಳುವುದು ಅದರ ಮೇಲೆಯೇ. ಆದ್ದರಿಂದ ಕಾಲು ನಿಲ್ಲುವವರೆಗೂ ಅದು ಇತರ ಕೋಳಿಗಳೊಡನೆ ಅಡ್ಡಾಡುತ್ತದೆ. ಹಸಿವಿಲ್ಲದಿದ್ದರೂ ನೆಲವನ್ನು ಕುಕ್ಕುತ್ತಿರುತ್ತದೆ.

ಎರಡನೆಯ ಕಾರಣ ಗರಿ. ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್; ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಬೆಂಗಳೂರಿನ ಚಳಿಗಾಲದ ರಾತ್ರಿ ಗಾಳಿ 15 ಡಿಗ್ರಿಗೆ ಇಳಿದರೆ ಮೈಗೂ ಗಾಳಿಗೂ 26 ಡಿಗ್ರಿಗಳ ಅಂತರ ಏರ್ಪಡುತ್ತದೆ. ಉಷ್ಣವು ಹೊರಕ್ಕೆ ಹರಿದುಹೋಗದಂತೆ ತಡೆಯುವುದು ಗರಿಯೇನೋ ಹೌದು. ಆದರೆ ನಿಜವಾದ ಕೆಲಸ ಗರಿಗಳ ನಡುವೆ ಸೆರೆಯಾಗಿರುವ ಗಾಳಿಯದು. ನಿಶ್ಚಲವಾದ ಗಾಳಿ ಬಹು ಮಂದವಾದ ಉಷ್ಣವಾಹಕ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಮೇಲ್ಪಟ್ಟು ಉಷ್ಣವನ್ನು ಸಾಗಿಸಬಲ್ಲದು. ಮೇವು ತಿನ್ನದ ಕೋಳಿಗೆ ಉರುವಲು ಸಾಲದು. ಇದ್ದ ಉಷ್ಣವನ್ನು ಉಳಿಸಿಕೊಳ್ಳಲು ಅದು ಗರಿಗಳನ್ನು ನಿಗುರಿಸಿ ಗಾಳಿಯ ಪದರವನ್ನು ದಪ್ಪಮಾಡಿಕೊಳ್ಳುತ್ತದೆ. ಇದರ ಫಲವೇನು? ಒಳಗೆ ಮೈ ಸೊರಗಿದಷ್ಟೂ ಹೊರಗೆ ಕೋಳಿ ಗುಂಡಗೆ, ದಪ್ಪಗೆ ಕಾಣುತ್ತದೆ! ಕಣ್ಣು ಮೋಸಹೋಗುವುದು ಇಲ್ಲಿಯೇ.

ಕಣ್ಣು ಮೋಸಹೋಗುವ ಕಡೆ ಭೌತಶಾಸ್ತ್ರಜ್ಞನು ಅಳತೆಯ ಮೊರೆಹೊಗುತ್ತಾನೆ. ಕೋಳಿ ಸಾಕುವವನೂ ಹಾಗೆಯೇ ಮಾಡಬೇಕು.

ಅಳೆಯುವುದು ಏನನ್ನು?

ಮೊದಲನೆಯದು ತೂಕ. ಅಡುಗೆಮನೆಯ ತಕ್ಕಡಿ ಸಾಕು. ಮಂಕರಿಯನ್ನು ಮೊದಲು ತೂಗಿ, ಅನಂತರ ಕೋಳಿಯನ್ನು ಒಳಗಿಟ್ಟು ತೂಗಿದರೆ ವ್ಯತ್ಯಾಸವೇ ಕೋಳಿಯ ತೂಕ. ವಾರಕ್ಕೆರಡು ಬಾರಿ, ಬೆಳಗ್ಗೆ ಮೇವಿಗೆ ಮುಂಚೆ, ಅದೇ ಹೊತ್ತಿನಲ್ಲಿ ತೂಗಬೇಕು. ಮೇವು ತಿಂದ ಕೋಳಿಯ ತೂಕವನ್ನು ಹಸಿದ ಕೋಳಿಯ ತೂಕದೊಡನೆ ಹೋಲಿಸಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. 1,600 ಗ್ರಾಂ ಇದ್ದ ಹೇಂಟೆ ಒಂದು ವಾರದಲ್ಲಿ 1,440ಕ್ಕೆ ಇಳಿದರೆ ಹತ್ತರಲ್ಲೊಂದು ಪಾಲು ಕರಗಿತೆಂದಾಯಿತು. ಕಣ್ಣಿಗೆ ಏನೂ ಕಾಣದಿದ್ದರೂ ಅದು ಕಾಯಿಲೆಯ ಹಕ್ಕಿ. ತಕ್ಕಡಿ ಇಲ್ಲದವರು ಗರಿಗಳ ಅಡಿಯಲ್ಲಿ ಬೆರಳಿಟ್ಟು ಎದೆಮೂಳೆಯನ್ನು ಮುಟ್ಟಿ ನೋಡಬಹುದು. ಇಕ್ಕೆಲದ ಮಾಂಸ ತುಂಬಿದ್ದರೆ ಒಳ್ಳೆಯದು. ಮೂಳೆ ಕತ್ತಿಯ ಅಲಗಿನಂತೆ ತಾಗಿದರೆ ಕೋಳಿ ಬಹು ದಿನಗಳಿಂದ ಸೊರಗುತ್ತಿದೆ.

ಎರಡನೆಯದು ಉಸಿರು. ನೆಮ್ಮದಿಯಾಗಿ ಕುಳಿತ ಹೇಂಟೆ ನಿಮಿಷಕ್ಕೆ ಸುಮಾರು 20ರಿಂದ 35 ಬಾರಿ ಉಸಿರಾಡುತ್ತದೆ. ಇದನ್ನು ದೂರದಲ್ಲಿ ನಿಂತು, ಬಾಲದ ಬುಡದ ಏರಿಳಿತವನ್ನು ನೋಡಿ, ಗಡಿಯಾರ ಹಿಡಿದು ಎಣಿಸಬೇಕು. ಹಿಡಿಯಲು ಹೋದರೆ ಕೋಳಿ ಬೆದರಿ ಉಸಿರು ಇಮ್ಮಡಿಯಾಗುತ್ತದೆ. ಅಳೆಯುವ ಕಾರ್ಯವೇ ಅಳತೆಯನ್ನು ಕೆಡಿಸುತ್ತದೆ. ಇನ್ನೊಂದು ಎಚ್ಚರವೂ ಬೇಕು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬೇಸಗೆಯ ನಡುಹಗಲಿನಲ್ಲಿ ಅದು ಕೊಕ್ಕು ತೆರೆದು ತೇಕುವುದು ಗಂಟಲಿನ ತೇವವನ್ನು ಆವಿ ಮಾಡಿ ಮೈ ತಂಪಾಗಿಸಿಕೊಳ್ಳುವುದಕ್ಕೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಉಷ್ಣ ಬೇಕು. ವಿಶ್ರಾಂತಿಯಲ್ಲಿರುವ ಹೇಂಟೆ ಹುಟ್ಟಿಸುವ ಉಷ್ಣ ಸುಮಾರು 6ರಿಂದ 8 ವಾಟ್. ಎಂದರೆ ಒಂದು ಗ್ರಾಂ ನೀರು ಐದಾರು ನಿಮಿಷಗಳ ಉಷ್ಣವನ್ನು ಹೊತ್ತೊಯ್ಯುತ್ತದೆ. ಆದುದರಿಂದ ಏಪ್ರಿಲ್ ಮಧ್ಯಾಹ್ನದ ತೇಕು ಸಹಜ. ತಂಪಾದ ಮುಂಜಾವಿನ ತೇಕು, ಅದರಲ್ಲೂ ಗೊರಗೊರ ಶಬ್ದದೊಡನೆ ಬಂದರೆ, ರೋಗ. ಲಕ್ಷಣ ಒಂದೇ, ಅರ್ಥವನ್ನು ನಿರ್ಧರಿಸುವುದು ಸುತ್ತಣ ಉಷ್ಣತೆ.

ಮೂರನೆಯದು ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲ. ರಾತ್ರಿ ಗೂಡು ಸೇರುವಾಗ ಅದು ತುಂಬಿರಬೇಕು, ಬೆಳಗ್ಗೆ ಬರಿದಾಗಿರಬೇಕು. ರಾತ್ರಿಯೇ ಬರಿದಾಗಿದ್ದರೆ ಕೋಳಿ ತಿಂದಿಲ್ಲ. ಬೆಳಗ್ಗೆಯೂ ಗಟ್ಟಿಯಾಗಿಯೋ ನೀರು ತುಂಬಿದಂತೆಯೋ ಇದ್ದರೆ ತಿಂದದ್ದು ಕೆಳಗಿಳಿದಿಲ್ಲ. ಅಂಥ ಕೋಳಿಗೆ ವೈದ್ಯರು ನೋಡುವವರೆಗೆ ಮತ್ತೆ ಮೇವು ತುರುಕಬಾರದು.

ನಾಲ್ಕನೆಯದು ಹಿಕ್ಕೆ. ಆರೋಗ್ಯವಂತ ಕೋಳಿಯ ಹಿಕ್ಕೆ ಕಂದು ಬಣ್ಣದ್ದು. ಮೇಲೊಂದು ಬಿಳಿಯ ಟೊಪ್ಪಿಗೆ. ಆ ಬಿಳಿಯದೇ ಅದರ ಮೂತ್ರ: ಹಕ್ಕಿಗಳು ಯೂರಿಕ್ ಆಮ್ಲವನ್ನು ಹೆಚ್ಚು ನೀರು ವ್ಯಯಮಾಡದೆ ಹೊರಹಾಕುತ್ತವೆ. ನಡುನಡುವೆ ಅಂಟಂಟಾದ, ಹೆಚ್ಚು ದುರ್ವಾಸನೆಯ ಹಿಕ್ಕೆ ಬೀಳುವುದೂ ಸಹಜವೇ. ಕಡುಹಸಿರು ಬಣ್ಣದ ನೀರು ಹಿಕ್ಕೆ ಕೋಳಿ ತಿನ್ನುತ್ತಿಲ್ಲವೆಂಬುದರ ಗುರುತಾಗಿರಬಹುದು. ರಕ್ತ ಕಂಡರೆ ಕರುಳಿನ ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯನ್ನು ಶಂಕಿಸಬೇಕು. ಎಳೆಯ ಕೋಳಿಗಳನ್ನು ಅದು ಬೇಗ ಕೊಲ್ಲಬಲ್ಲದು. ಗೂಡಿನ ತೇವವೇ ಅದಕ್ಕೆ ಅನುಕೂಲ.

ಇವುಗಳ ಜೊತೆಗೆ ಜುಟ್ಟಿನ ಬಣ್ಣ, ಕಣ್ಣು ಮೂಗುಗಳ ಸೋರಿಕೆ, ರೆಕ್ಕೆಯ ಅಡಿಯ ಹೇನು, ದಿನಕ್ಕೆ ಕುಡಿದ ನೀರು ಇವನ್ನೂ ಗಮನಿಸಿ ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದಿಡಬೇಕು. ಈ ಬರವಣಿಗೆ ಕೋಳಿ ಬಂದ ಮೊದಲ ದಿನವೇ ಆರಂಭವಾಗತಕ್ಕದ್ದು. ಆರೋಗ್ಯದ ದಿನಗಳ ಅಂಕಿಗಳು ಕೈಯಲ್ಲಿದ್ದರೆ ಮಾತ್ರ ಕಾಯಿಲೆಯ ಮೊದಲ ದಿನದ ಅಂಕಿ ಮಾತನಾಡುತ್ತದೆ.

ಕಾಯಿಲೆಯಂತೆ ತೋರುವ ಕೆಲವು ಸಂಗತಿಗಳು ಕಾಯಿಲೆಯಲ್ಲವೆಂಬುದನ್ನೂ ತಿಳಿದಿರಬೇಕು. ಕಾವಿಗೆ ಕೂತ ಹೇಂಟೆ ದಿನವಿಡೀ ಗೂಡಿನಲ್ಲಿ ಗರಿ ಕೆದರಿ ಕುಳಿತಿರುತ್ತದೆ, ಕಡಮೆ ತಿನ್ನುತ್ತದೆ; ಆದರೆ ಹತ್ತಿರ ಹೋದರೆ ಗದರುತ್ತದೆ. ಕಾಯಿಲೆಯ ಕೋಳಿಗೆ ಆ ಕೆಚ್ಚು ಇರುವುದಿಲ್ಲ. ಗರಿ ಉದುರಿಸುವ ಕಾಲದಲ್ಲಿ ಮೊಟ್ಟೆ ನಿಲ್ಲುವುದೂ ಪ್ರಕೃತಿ ನಿಯಮವೇ.

ಕಂಡ ಮೇಲೆ ಮಾಡತಕ್ಕದ್ದು

ಬೇರ್ಪಡಿಸುವುದು ಮೊದಲನೆಯ ಕೆಲಸ. ನಿಜವಾಗಿ, ಹೊಸ ಕೋಳಿಯನ್ನು ಮೊದಲ ಮೂರು ನಾಲ್ಕು ವಾರ ಹಳೆಯ ಕೋಳಿಗಳಿಂದ ದೂರವಿಡಬೇಕು. ಸೋಂಕು ತಗಲಿದ ದಿನಕ್ಕೂ ಲಕ್ಷಣ ತೋರುವ ದಿನಕ್ಕೂ ನಡುವೆ ಕಾಲವುಂಟು. ಕೊಕ್ಕರೆ ರೋಗದಲ್ಲಿ ಅದು ಎರಡು ದಿನಗಳಿಂದ ಹದಿನೈದು ದಿನಗಳವರೆಗೆ ಇರಬಹುದು. ಸಂತೆಯಲ್ಲಿ ಚುರುಕಾಗಿದ್ದ ಕೋಳಿ ರೋಗವನ್ನು ಹೊತ್ತು ತಂದಿಲ್ಲವೆಂಬುದಕ್ಕೆ ಆ ಚುರುಕು ಆಧಾರವಾಗಲಾರದು. ಮೇವು ನೀರಿನ ಪಾತ್ರೆಗಳೂ ಬೇರೆಯಾಗಿರಬೇಕು. ಹಳೆಯ ಕೋಳಿಗಳ ಕೆಲಸ ಮುಗಿಸಿದ ಬಳಿಕವೇ ಹೊಸದರ ಬಳಿಗೆ ಹೋಗಬೇಕು. ಪ್ರತಿ ಸಲವೂ ಕೈಯನ್ನು ಸೋಪಿನಿಂದ ತೊಳೆಯಬೇಕು.

ಎರಡನೆಯದು ಬೆಚ್ಚಗಿಡುವುದು. ಗಾಳಿಯಾಡುವ ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ಶಾಖವಿರಲಿ. ಬೇಕಾದರೆ ಹತ್ತಿರ ಬರಲು, ಬೇಡವಾದರೆ ದೂರ ಸರಿಯಲು ಕೋಳಿಗೆ ಎಡೆಯಿರಬೇಕು. ಈಗಿನ ಎಲ್‌ಇಡಿ ದೀಪಗಳಿಂದ ಈ ಕೆಲಸವಾಗದು. ಅವು ಬಳಸುವ ವಿದ್ಯುತ್ತು ಅತ್ಯಲ್ಪ, ಕೊಡುವ ಉಷ್ಣವೂ ಅತ್ಯಲ್ಪ. ಒಂದು ಲೀಟರ್ ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಅದು 60 ಡಿಗ್ರಿಯಿಂದ 40ಕ್ಕೆ ಆರುವಷ್ಟರಲ್ಲಿ ಸುಮಾರು 84,000 ಜೌಲ್ ಉಷ್ಣವನ್ನು ಬಿಡುತ್ತದೆ. ಕೋಳಿಯ ಮೈ ಅಷ್ಟನ್ನು ಹುಟ್ಟಿಸಲು ಮೂರು ಗಂಟೆ ಬೇಕು. ಅದರಲ್ಲಿ ಒಂದು ಪಾಲು ತಲುಪಿದರೂ ಹಸಿದ ಹಕ್ಕಿಗೆ ಅಷ್ಟು ಉಳಿತಾಯವೇ. ಇದೇ ಕಾರಣದಿಂದ ಕಾಯಿಲೆಯ ಕೋಳಿಗೆ ಸ್ನಾನ ಮಾಡಿಸಕೂಡದು. ಗರಿ ತೊಯ್ದರೆ ಗಾಳಿಯ ಪದರ ಹೋಗಿ ಆ ಎಡೆಯಲ್ಲಿ ನೀರು ನಿಲ್ಲುತ್ತದೆ. ಅದು ಕಂಬಳಿ ಕಿತ್ತುಕೊಂಡಂತೆ.

ಮೂರನೆಯದು ನೀರು. ಅದನ್ನು ಮುಂದಿಡಬೇಕು, ಕೊಕ್ಕಿನ ತುದಿಗೆ ತಾಗಿಸಬೇಕು. ಬಾಯಿ ಬಿಡಿಸಿ ಸುರಿಯಬಾರದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ಸುರಿದ ನೀರು ಶ್ವಾಸಕೋಶಕ್ಕೆ ಇಳಿದೀತು.

ನಾಲ್ಕನೆಯದು ಪಶುವೈದ್ಯರ ಸಲಹೆ. ತೇಕು, ರಕ್ತ, ಕುತ್ತಿಗೆ ತಿರುಚುವುದು, ಮೊಟ್ಟೆಯಿಡಲಾರದೆ ಮುಕ್ಕರಿಯುತ್ತ ನಿಲ್ಲುವುದು, ಇಡೀ ದಿನದ ಉಪವಾಸ ಇವುಗಳಲ್ಲಿ ಒಂದಿದ್ದರೂ ಮಾರನೆಯ ದಿನಕ್ಕೆಂದು ಕಾಯಬಾರದು. ಹೋಗುವಾಗ ನೋಟ್‌ಬುಕ್ಕನ್ನೂ ಹೊಸ ಹಿಕ್ಕೆಯನ್ನೂ ಜೊತೆಗೆ ಕೊಂಡೊಯ್ಯಿರಿ. ಅಂಗಡಿಯಿಂದ ಜೀವಿರೋಧಕ ಔಷಧವನ್ನು ಊಹೆಯ ಮೇಲೆ ತಂದು ಹಾಕುವುದು ಸರ್ವಥಾ ಸಲ್ಲದು. ವೈರಸ್ಸಿನ ಮೇಲೆ ಅದು ನಡೆಯುವುದಿಲ್ಲ. ಮೊಟ್ಟೆಯ ಮೂಲಕ ಮನೆಯವರ ಹೊಟ್ಟೆಗೂ ಸೇರಬಹುದು. ವೈದ್ಯರೇ ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ತಿಳಿಯಬೇಕು.

ಅಜ್ಜಿಯ ಕೋಳಿ, ಐಕ್‌ಮನ್ನನ ಕೋಳಿ

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. “ಅರಿಸಿನ, ಈರುಳ್ಳಿ ಹಾಕಿದೆವು, ಕೋಳಿ ಎದ್ದಿತು” ಎನ್ನುವವರ ತರ್ಕವೂ ಅದೇ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಾಗದು. ಹಲವು ಕೋಳಿಗಳು ವಿಶ್ರಾಂತಿ, ಬೆಚ್ಚಗಿನ ಎಡೆಗಳಿಂದ ತಾವಾಗಿಯೇ ಚೇತರಿಸಿಕೊಳ್ಳುತ್ತವೆ.

ಇದಕ್ಕೆ ಪ್ರತಿಯಾದ ಒಂದು ನಿದರ್ಶನವನ್ನು ನೋಡಿ. 1890ರ ದಶಕದಲ್ಲಿ ಜಾವಾದ ಬಟಾವಿಯಾ ನಗರದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪ್ರಯೋಗಕ್ಕೆಂದು ಇಟ್ಟಿದ್ದ ಕೋಳಿಗಳು ಕಾಲಿನ ಸ್ವಾಧೀನ ತಪ್ಪಿ ಬೀಳತೊಡಗಿದವು. ಸ್ವಲ್ಪ ಕಾಲದ ಮೇಲೆ ತಾವಾಗಿಯೇ ಎದ್ದವು. ವಿಚಾರಿಸಲಾಗಿ, ಈ ನಡುವೆ ಆಸ್ಪತ್ರೆಯ ಅಡುಗೆಯವನು ಬದಲಾಗಿದ್ದನು. ಹಿಂದಿನವನು ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನು ಕೋಳಿಗಳಿಗೆ ಕೊಡುತ್ತಿದ್ದನು, ಹೊಸಬನು ಕೊಡಲೊಪ್ಪಲಿಲ್ಲ. ಐಕ್‌ಮನ್ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ಕೋಳಿಗಳಿಗೆ ಪಾಲಿಷ್ ಅಕ್ಕಿಯನ್ನೂ ಕೆಲವಕ್ಕೆ ತೌಡಿರುವ ಅಕ್ಕಿಯನ್ನೂ ಬೇರೆ ಬೇರೆಯಾಗಿ ಕೊಟ್ಟು, ರೋಗವನ್ನು ಬರಿಸಿ, ಮತ್ತೆ ವಾಸಿಮಾಡಿ ನೋಡಿದನು. ಜೀವಸತ್ವಗಳ ಶೋಧಕ್ಕೆ ದಾರಿ ತೆರೆದ ಈ ಕೆಲಸಕ್ಕಾಗಿ 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅಜ್ಜಿಗೂ ಐಕ್‌ಮನ್ನನಿಗೂ ಇರುವ ವ್ಯತ್ಯಾಸ ಹೋಲಿಸಿ ನೋಡುವ ಅಭ್ಯಾಸವೊಂದೇ. ಕಾಲು ಸೋತ ಕೋಳಿಗೆಲ್ಲ ಸೋಂಕೇ ಕಾರಣವಲ್ಲ, ಮೇವೂ ಕಾರಣವಾದೀತು ಎಂಬ ಪಾಠವೂ ಇದರಲ್ಲಿದೆ. ಅನ್ನವೊಂದನ್ನೇ ಹಾಕಿ ಸಾಕುವವರು ಇದನ್ನು ಮರೆಯಬಾರದು.

ಮನೆಯ ಗಡಿ ದಾಟುವ ರೋಗಗಳು

ಕೊಕ್ಕರೆ ರೋಗವನ್ನು ಭಾರತದಲ್ಲಿ ರಾಣಿಖೇತ್ ರೋಗವೆಂದೂ ಕರೆಯುತ್ತಾರೆ. 1920ರ ದಶಕದ ಕೊನೆಯಲ್ಲಿ ಕುಮಾಊಂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ ಕಾಣಿಸಿಕೊಂಡದ್ದರಿಂದ ಈ ಹೆಸರು. ತೇಕು, ಹಸಿರು ಭೇದಿ, ಕುತ್ತಿಗೆ ತಿರುಚುವಿಕೆ ಇದರ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆಯುಂಟು. ಕೋಳಿಯನ್ನು ಕೊಳ್ಳುವಾಗಲೇ ಲಸಿಕೆಯಾಗಿದೆಯೇ ಎಂದು ವಿಚಾರಿಸಬೇಕು.

ಹಕ್ಕಿಜ್ವರ ಇನ್ನೂ ಗಂಭೀರವಾದುದು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಾಗ, ಪರೀಕ್ಷೆಯಿಂದ ಅದು ಎಚ್5ಎನ್1 ಹಕ್ಕಿಜ್ವರವೆಂದು ತಿಳಿದುಬಂದಿತು. ಅಲ್ಲಿನ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿಯೂ ಅದು ಕಾಣಿಸಿಕೊಂಡಿತು. ಈ ರೋಗ ಅಪರೂಪವಾಗಿಯಾದರೂ ಮನುಷ್ಯರಿಗೆ ಅಂಟಬಲ್ಲದು. ಆದ್ದರಿಂದ ಹಲವು ಕೋಳಿಗಳೋ ಕಾಗೆಗಳೋ ಒಮ್ಮೆಲೇ ಸತ್ತರೆ, ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ, ಬರಿಗೈಯಲ್ಲಿ ಮುಟ್ಟದೆ, ಕಸದ ಗಾಡಿಗೆ ಎಸೆಯದೆ, ಪಶುಪಾಲನಾ ಇಲಾಖೆಗೆ ಕೂಡಲೇ ತಿಳಿಸಬೇಕು. ಕೋಳಿ ಹೋದದ್ದು ಒಂದು ಮನೆಯ ದುಃಖ. ಮುಚ್ಚಿಟ್ಟರೆ ಅದು ಊರಿನ ಸಂಕಟವಾಗುತ್ತದೆ.

ಎಲ್ಲ ಕೋಳಿಗಳನ್ನೂ ಉಳಿಸಿಕೊಳ್ಳುವುದು ಯಾರಿಂದಲೂ ಆಗದು. ಆದರೆ ತಕ್ಕಡಿ, ಗಡಿಯಾರ, ನೋಟ್‌ಬುಕ್ಕು ಈ ಮೂರು ಸಾಧನಗಳು ನಾಲ್ಕೈದು ದಿನಗಳ ಅವಕಾಶವನ್ನು ನಮಗೆ ದೊರಕಿಸಿಕೊಡಬಲ್ಲವು. ಮಾತು ಬಾರದ ಹಕ್ಕಿಯ ಮಟ್ಟಿಗೆ ಬದುಕು ಸಾವುಗಳ ನಡುವಣ ಅಂತರ ಅನೇಕ ವೇಳೆ ಅಷ್ಟೇ ಆಗಿರುತ್ತದೆ. ಮನೆಗೆ ಹೊಸ ಕೋಳಿ ತಂದ ವಿದ್ಯಾರ್ಥಿಗಳು ಮೊದಲ ದಿನವೇ ಅದರ ತೂಕವನ್ನು ಬರೆದಿಡಲಿ.