ಎಲ್ಲರ ನೆಲ, ಒಬ್ಬೊಬ್ಬರ ಪಾತಿ

ತನ್ನದೆಂಬ ನೆಲವನ್ನು ಮನುಷ್ಯನು ಆಸ್ಥೆಯಿಂದ ಕಾಯುತ್ತಾನೆ. ಎಲ್ಲರದೆಂಬ ನೆಲವನ್ನು ಯಾರೂ ಕಾಯುವುದಿಲ್ಲವೆಂಬುದು ಲೋಕರೂಢಿಯ ಮಾತು. ಅಮೆರಿಕೆಯ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರು 1968ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ಸಮೂಹದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಒಂದೊಂದು ದನವನ್ನು ಹೆಚ್ಚಾಗಿ ಬಿಡುತ್ತ ಹೋದರೆ ಕೊನೆಗೆ ಹುಲ್ಲೂ ಉಳಿಯದು, ದನವೂ ಉಳಿಯದು ಎಂಬುದು ಅವರ ವಾದದ ಸಾರ. ಈ ಮಾತು ಎಲ್ಲೆಡೆಯೂ ಸತ್ಯವೇ ಎಂಬುದನ್ನು ವಿಚಾರಿಸಲು ಬಾಸ್ಟನ್ ನಗರದ ತೋಟವೊಂದು ಉತ್ತಮ ನಿದರ್ಶನವಾಗಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉದ್ಯಾನಶಿಲ್ಪಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರು ಈ ನಗರದ ದುರ್ಗಂಧಮಯ ಜೌಗುಭೂಮಿಯನ್ನು ‘ಬ್ಯಾಕ್ ಬೇ ಫೆನ್ಸ್’ ಎಂಬ ಸಾರ್ವಜನಿಕ ಉದ್ಯಾನವಾಗಿ ರೂಪಿಸಿದರು. ಎರಡನೆಯ ಮಹಾಯುದ್ಧದ ಆಹಾರಾಭಾವವನ್ನು ಎದುರಿಸಲೆಂದು 1942ರಲ್ಲಿ ಅದರ ಒಂದು ಭಾಗವನ್ನು ನಾಗರಿಕರಿಗೆ ತರಕಾರಿ ಬೆಳೆಯಲು ಪಾತಿಗಳಾಗಿ ಹಂಚಿಕೊಡಲಾಯಿತು. ಆ ಕಾಲದಲ್ಲಿ ದೇಶದ ತುಂಬ ಇಂಥ ‘ವಿಜಯದ ತೋಟ’ಗಳು ತಲೆಯೆತ್ತಿದವು, ಯುದ್ಧ ಮುಗಿದೊಡನೆ ಬಹುಪಾಲು ಮರೆಯಾದವು. ಫೆನ್‌ವೇ ತೋಟವಾದರೋ ಇಂದಿಗೂ ಸುಮಾರು 7 ಎಕರೆಯಲ್ಲಿ, 500ಕ್ಕೂ ಮಿಕ್ಕ ಪಾತಿಗಳೊಂದಿಗೆ ನಳನಳಿಸುತ್ತಿದೆ.

ಅದು ತಾನಾಗಿ ಉಳಿಯಲಿಲ್ಲ. ಆ ನೆಲದಲ್ಲಿ ಆಸ್ಪತ್ರೆ ಕಟ್ಟಬೇಕು, ಶಾಲೆ ಕಟ್ಟಬೇಕು, ವಾಹನಗಳಿಗೆ ಜಾಗ ಮಾಡಬೇಕು ಎಂಬ ಯೋಜನೆಗಳು ಒಂದರ ಹಿಂದೊಂದು ಬಂದವು. ರಿಚರ್ಡ್ ಪಾರ್ಕರ್ ಎಂಬ ತೋಟಗಾರರ ಮುಂದಾಳುತನದಲ್ಲಿ ಪಾತಿದಾರರು ಒಗ್ಗಟ್ಟಾಗಿ ನಿಂತು ಅವೆಲ್ಲವನ್ನೂ ತಡೆದರು. 1972ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಸಂವಿಧಾನಕ್ಕೆ ತಂದ 97ನೆಯ ತಿದ್ದುಪಡಿಯು, ಸಂರಕ್ಷಣೆಗಾಗಿ ಪಡೆದ ಸಾರ್ವಜನಿಕ ಭೂಮಿಯನ್ನು ಶಾಸನಸಭೆಯ ಎರಡೂ ಸದನಗಳ ಮೂರನೆಯ ಎರಡು ಪಾಲು ಬಹುಮತವಿಲ್ಲದೆ ಅನ್ಯಕಾರ್ಯಕ್ಕೆ ಬಳಸಕೂಡದೆಂದು ವಿಧಿಸಿತು.

ಹೊರಗಿನ ಭಯವನ್ನು ಕಾನೂನು ತಡೆಯಬಲ್ಲದು. ಒಳಗಿನ ಭಯಕ್ಕೆ ಮದ್ದೇನು? ಒಬ್ಬನು ಪಾತಿಯನ್ನು ಹಿಡಿದು ಪಾಳುಬಿಟ್ಟರೆ ಕಳೆಯ ಬೀಜವು ನೆರೆಯವನ ಸೊಪ್ಪಿನ ಮಡಿಗೆ ಹಾರುತ್ತದೆ. ಮತ್ತೊಬ್ಬನು ಎತ್ತರದ ಬೇಲಿ ಹಾಕಿದರೆ ಸಾರ್ವಜನಿಕ ಭೂಮಿಯು ಖಾಸಗಿ ಹಿತ್ತಿಲಾಗುತ್ತದೆ. ಮಗದೊಬ್ಬನು ಗೊಬ್ಬರವನ್ನು ಅಳತೆಮೀರಿ ಸುರಿದರೆ ಅದರ ಸಾರವು ಮಳೆನೀರಿನೊಡನೆ ಹೊಳೆಗಿಳಿದು ಪಾಚಿಯನ್ನು ಬೆಳೆಸಿ, ಮೀನಿಗೆ ಬೇಕಾದ ಪ್ರಾಣವಾಯುವನ್ನು ಕಸಿಯುತ್ತದೆ. ಜೌಗಿನ ಅಂಚಿನ ಭೂಮಿಯಲ್ಲಿ ಈ ಎಚ್ಚರಿಕೆಯು ಎರಡುಪಟ್ಟು ಅಗತ್ಯ.

ಈ ಪ್ರಶ್ನೆಗೆ ಉತ್ತರವನ್ನು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ 1990ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನೀಡಿದ್ದಾರೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ನೀರ್ಗಾಲುವೆ ಮೊದಲಾದ, ಶತಮಾನಗಳಿಂದ ಕೆಡದೆ ನಡೆದುಬಂದ ಸಮೂಹಸ್ವತ್ತುಗಳನ್ನು ಅವರು ಪರಿಶೀಲಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಪ್ರಥಮ ಮಹಿಳೆ ಅವರು. ಎಲ್ಲೆ ಸ್ಪಷ್ಟವಿರಬೇಕು, ನಿಯಮಕ್ಕೆ ಒಳಪಡುವವರಿಗೆ ಅದನ್ನು ರೂಪಿಸುವ ಅಧಿಕಾರವಿರಬೇಕು, ಮೇಲ್ವಿಚಾರಕರು ಬಳಕೆದಾರರಿಗೆ ಉತ್ತರದಾಯಿಗಳಾಗಿರಬೇಕು, ದಂಡನೆಯು ಹಗುರವಾಗಿ ಮೊದಲಾಗಿ ಹಂತಹಂತವಾಗಿ ಏರಬೇಕು, ಜಗಳವು ಕಡಿಮೆ ವೆಚ್ಚದಲ್ಲಿ, ಬೇಗನೆ ತೀರಬೇಕು. ಇವು ಅವರು ಕಂಡ ಸೂತ್ರಗಳಲ್ಲಿ ಕೆಲವು.

ಇದನ್ನು ತೋಟಕ್ಕೆ ಅನ್ವಯಿಸಿ ನೋಡೋಣ. ಪಾತಿಗಳಿಗೆ ಸಂಖ್ಯೆಯಿರಲಿ. ನಿಯಮಗಳು ವರ್ಷಕ್ಕೊಮ್ಮೆ ಎಲ್ಲರ ಸಭೆಯಲ್ಲಿ ನಿರ್ಣಯವಾಗಲಿ. ಕಳೆ ಬೆಳೆದರೆ ಮೊದಲು ಸೌಮ್ಯವಾದ ಮಾತು, ಬಳಿಕ ಪತ್ರ, ಅನಂತರ ಗಡುವು. ಅದೂ ಮೀರಿದರೆ ಕಾದು ನಿಂತವರ ಪಟ್ಟಿಯಲ್ಲಿ ಮೊದಲಿನವರಿಗೆ ಪಾತಿ ಸಲ್ಲಲಿ. ಆದರೆ ಪಾತಿದಾರನು ಕಾಯಿಲೆ ಬಿದ್ದಿದ್ದರೆ ನೆರೆಯವರು ನೀರೆರೆದು ಆತನ ಪಾತಿಯನ್ನು ಕಾಯಲಿ. ದಾರಿ, ನಲ್ಲಿ, ಗೊಬ್ಬರದ ಗುಂಡಿಗಳ ಕೆಲಸಕ್ಕೆ ಪ್ರತಿ ಮನೆಯೂ ಕೆಲವು ದಿನಗಳ ದುಡಿಮೆಯನ್ನು ಕೊಡಲಿ.

ಇಲ್ಲಿ ಸೂಕ್ಷ್ಮವಾದ ಧರ್ಮಪ್ರಶ್ನೆಯೊಂದಿದೆ. ಇಪ್ಪತ್ತು ವರ್ಷ ಮಣ್ಣನ್ನು ಹದಮಾಡಿದವನು ‘ಇದು ನನ್ನದು’ ಎನ್ನುವುದು ಸಹಜ. ಆದರೆ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿರುವ, ಅಂಗೈಯಗಲ ಅಂಗಳವೂ ಇಲ್ಲದ ಕುಟುಂಬಕ್ಕೂ ಆ ನೆಲದಲ್ಲಿ ಹಕ್ಕುಂಟು. ಆದುದರಿಂದ ದುಡಿಯುವವರೆಗೆ ಪಾತಿಯು ಅವನದು. ದುಡಿಮೆ ನಿಂತಂದು ಅದು ಮಕ್ಕಳಿಗೆ ಆಸ್ತಿಯಾಗಿ ಇಳಿಯದೆ ಸಮೂಹಕ್ಕೆ ಮರಳಬೇಕು. ಬೆಳೆ ಬೆಳೆದವನಿಗೆ, ನೆಲ ಎಲ್ಲರಿಗೆ ಎಂಬ ಈ ವಿವೇಕವನ್ನು ಮಕ್ಕಳು ಗ್ರಂಥಗಳಿಂದ ಕಲಿಯುವುದಕ್ಕಿಂತ, ಹಿರಿಯರೊಡನೆ ಕಳೆ ಕೀಳುತ್ತ ಕಲಿಯುವುದು ಲೇಸು.